ಮೂರನೇ ಮಹಡಿಯ ಕ್ಯಾಮೆರಾ: ಭಾನುವಾರದ ಮೀಟಿಂಗಿಗೆ ಮುಂಚೆ

ಬಿ-302: ಸೊಸೈಟಿಯ ದೊಡ್ಡ ಗುಂಪಿನಲ್ಲಿ ಬರೆಯುವ ಮುಂಚೆ ನಮ್ಮ ಕನ್ನಡದವರಿಗೆ ಹೇಳುತ್ತಿದ್ದೇನೆ. ಲಿಫ್ಟ್ ಎದುರಿನ ಹೊಸ ಕ್ಯಾಮೆರಾ ನೇರ ನಮ್ಮ ಬಾಗಿಲಿಗೇ ಮುಖ ಮಾಡಿದೆ. ಬಾಗಿಲು ತೆರೆದರೆ ಹಾಲ್ ಪೂರ್ತಿ ಕಾಣುತ್ತದೆ. ಮೊನ್ನೆ ಕಮಿಟಿಯವರೊಬ್ಬರು ಸಿಕ್ಕಿ, "ಮಗಳು ನಿನ್ನೆ ಹನ್ನೊಂದೂವರೆಗೆ ಬಂದಳಲ್ಲ, ಕೆಲಸ ಜಾಸ್ತಿಯಾ?" ಅಂದರು. ಈ ಪುಣೆ ಟ್ರಾಫಿಕ್ಕಿನಲ್ಲಿ ಹಿಂಜವಡಿಯ ಆಫೀಸಿನಿಂದ ಇಲ್ಲಿ ಕೋಥರೂಡಿಗೆ ಬರಲು ಎಷ್ಟು ಹೊತ್ತು ಬೇಕೆಂದು ಅವರಿಗೂ ಗೊತ್ತು. ಆದರೆ ಅವರು ಇದನ್ನು ನೋಡಿದ್ದು ಎಲ್ಲಿ? ತಮ್ಮ ಮೊಬೈಲಿನಲ್ಲಿ!

ಎ-104: ಕ್ಯಾಮೆರಾ ಇದ್ದದ್ದಕ್ಕೇ ನನ್ನ ಸ್ಕೂಟರ್ ಸಿಕ್ಕಿತು. 2010ರ ಫೆಬ್ರವರಿಯಲ್ಲಿ ಜರ್ಮನ್ ಬೇಕರಿಯಲ್ಲಿ ಬಾಂಬ್ ಸ್ಫೋಟವಾದಾಗ ನಾನು ಅದೇ ಕೋರೆಗಾಂವ್ ಪಾರ್ಕಿನಲ್ಲಿ ಕೆಲಸದಲ್ಲಿದ್ದೆ. ಆಮೇಲಿಂದ ಕ್ಯಾಮೆರಾ ಕಂಡರೆ ನನಗೆ ಧೈರ್ಯ. ತಪ್ಪು ಮಾಡದವರಿಗೆ ಭಯ ಯಾಕೆ?

ಬಿ-601: ಬಚ್ಚಲಿಗೆ ಚಿಲಕ ಹಾಕುವುದು ತಪ್ಪು ಮಾಡಲಿಕ್ಕಾ ಸಾರ್?

ಎ-104: ಅದು ಬೇರೆ, ಇದು ಬೇರೆ.

ಸಿ-203: ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದ್ದಾರೆ. ಕೇಸು ಹಾಕಿದ್ದು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಆಧಾರ್ ವಿಷಯಕ್ಕೆ. ಆಗ ಅವರಿಗೆ 86 ವರ್ಷ! ಅದು ಸರ್ಕಾರದ ಮೇಲಿನ ಕೇಸು, ಸೊಸೈಟಿಯ ಮೇಲಲ್ಲ. ಆದರೂ ಮೀಟಿಂಗಿನಲ್ಲಿ ಯಾರಾದರೂ "ಪ್ರೈವಸಿ ಎಲ್ಲ ಫಾರಿನ್ ಶೋಕಿ" ಅಂದರೆ ಇದನ್ನು ಹೇಳಿ.

ಎ-501: ಗೇಟಿನ ಆ್ಯಪ್ ಬಗ್ಗೆಯೂ ಮಾತಾಡೋಣ. ಮನೆಕೆಲಸದ ಮಾವಶಿಯರ ಫೋಟೊ, ಬಂದ ಹೊತ್ತು, ಹೋದ ಹೊತ್ತು ಎಲ್ಲ ಅದರಲ್ಲಿದೆ. ನಮ್ಮ ಮಾವಶಿ ಇನ್ಯಾರ ಮನೆಗೆ ಹೋಗುತ್ತಾರೆ ಅನ್ನುವುದೂ ನನಗೆ ಕಾಣುತ್ತದೆ. ಅವರನ್ನು ಯಾರು ಕೇಳಿದ್ದರು? ದೀಪಾವಳಿಗೆ ಮುಂಚೆ ನಾನೇ ಅದನ್ನು ನೋಡಿ ಎರಡು ದಿನದ ಸಂಬಳ ಮುರಿದುಕೊಂಡಿದ್ದೆ. ಈಗ ನಾಚಿಕೆಯಾಗುತ್ತದೆ. ನಮ್ಮ ಬಾಗಿಲಿಗೆ ಬಂದಾಗಲೇ ಬಿಸಿ ತಟ್ಟುವುದು, ಅಲ್ವಾ?

ಬಿ-302: ನಿಜ. ಅವರ ವಿಷಯವನ್ನೂ ಅರ್ಜಿಯಲ್ಲಿ ಸೇರಿಸೋಣ. ಕ್ಯಾಮೆರಾ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಲಿಫ್ಟಿನ ಕಡೆ ತಿರುಗಿಸಿದರೆ ಸಾಕು. ರೆಕಾರ್ಡಿಂಗ್ ಆಫೀಸಿನಲ್ಲೇ ಇರಲಿ, ಯಾರ ಮೊಬೈಲಿಗೂ ಬೇಡ. ನೋಡಬೇಕಾದವರು ರಿಜಿಸ್ಟರಿನಲ್ಲಿ ಹೆಸರು, ಕಾರಣ ಬರೆದು ನೋಡಲಿ. ಸುಮ್ನೆ ಟೈಂಪಾಸಿಗೆ ನೋಡುವ ಹಾಗಿರಬಾರದು.

ಎ-104: ಇಷ್ಟೇ ಆದರೆ ನಾನೂ ಸಹಿ ಹಾಕುತ್ತೇನೆ. ಪಾರ್ಕಿಂಗಿನ ಕ್ಯಾಮೆರಾ ಮಾತ್ರ ಮುಟ್ಟಬೇಡಿ.

ಸಿ-203: ಮರಾಠಿಯಲ್ಲಿ ಅರ್ಜಿ ನಾನು ಬರೆಯುತ್ತೇನೆ. ಶನಿವಾರ ಸಂಜೆ ಏಳಕ್ಕೆ ನಮ್ಮ ಮನೆಗೆ ಬನ್ನಿ. ಉಪ್ಪಿಟ್ಟು, ಕಾಫಿ ಇರುತ್ತದೆ.

ಬಿ-601: ಮೆಟ್ಟಿಲು ಹತ್ತಿಯೇ ಬನ್ನಿ. ಲಿಫ್ಟಿನಲ್ಲಿ ಬಂದರೆ ಯಾರ್ಯಾರು ಸೇರಿದ್ದೇವೆಂದು ಏಳೂಕಾಲಿಗೆ ಕಮಿಟಿಗೆ ಗೊತ್ತಾಗಿರುತ್ತದೆ.