ಸಿಹಿಗುಂಬಳ ಹೊರದೇಶಕ್ಕೆ ಹೋಗುತ್ತಾ? ಮುಳಬಾಗಿಲು ಕಡೆಯಿಂದ ಒಂದು ಪ್ರಶ್ನೆ

ಕೆರೆಯಂಚಿನ ತೋಟ, ಮುಳಬಾಗಿಲು:

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಟೊಮೆಟೊದಲ್ಲಿ ಏಟು ತಿಂದ ಮೇಲೆ ಈ ಸಲ ಎರಡು ಎಕರೆಗೆ ಸಿಹಿಗುಂಬಳ ಹಾಕಿದೆ. ಡ್ರಿಪ್ ಮೊದಲೇ ಇತ್ತು, ಕಡ್ಡಿ ದಾರ ಬೇಡ, ಔಷಧಿ ಖರ್ಚೂ ಕಡಿಮೆ, ಅದಕ್ಕೇ ಧೈರ್ಯ ಮಾಡಿದ್ದು. ಬೆಳೆ ಚೆನ್ನಾಗಿಯೇ ಬಂತು. ಹೋದ ವಾರ ಮೊದಲ ಲೋಡ್ ಮಂಡಿಗೆ ಹಾಕಿದರೆ ಕೆಜಿಗೆ ಆರು ರೂಪಾಯಿ. ಕಮಿಷನ್, ಹಮಾಲಿ, ಟೆಂಪೋ ಬಾಡಿಗೆ ಎಲ್ಲಾ ಕಳೆದು ಕೈಗೆ ಬಂದಿದ್ದು ಮೂರೂವರೆ. ಮನೆಯವಳು ಪಟ್ಟಿ ನೋಡಿ ಮಡಚಿ ಡಬ್ಬದಲ್ಲಿಟ್ಟಳು, ಒಂದು ಮಾತೂ ಆಡಲಿಲ್ಲ.

ಮಂಡಿ ಹತ್ತಿರ ಒಬ್ಬರು ಸಿಕ್ಕಿದರು. ಜಪಾನಿನಲ್ಲಿ ಕುಂಬಳಕ್ಕೆ ಭಾರಿ ಬೆಲೆ, ದುಬೈಗೂ ಕಳಿಸಬಹುದು, ನಿಮ್ಮ ಹೆಸರಲ್ಲೇ ಎಕ್ಸ್‌ಪೋರ್ಟ್ ಲೈಸೆನ್ಸ್ ಮಾಡಿಸಿಕೊಡುತ್ತೇನೆ, ಮೊದಲು 60,000 ಕಟ್ಟಿ ಅಂದರು. ಹೊಲದಲ್ಲಿ ಇನ್ನೂ ಹತ್ತು ಹನ್ನೆರಡು ಟನ್ ಕಾಯಿ ಇದೆ. ಜಪಾನ್, ದುಬೈ ಇದೆಲ್ಲಾ ನಿಜಾನಾ? ನಮ್ಮಂಥವರ ಕಾಯಿ ಅಲ್ಲಿಗೆ ಹೋಗುತ್ತಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಶುಕ್ರವಾರದೊಳಗೆ ದುಡ್ಡು ಕೊಡಬೇಕಂತೆ.

ಶಿಡ್ಲಘಟ್ಟದವನು:

ಅಣ್ಣಾ, ಮೊದಲು ಆ 60,000 ಕೊಡಬೇಡಿ. ಉಳಿದಿದ್ದು ಆಮೇಲೆ ಮಾತಾಡೋಣ.

ನಾನು ಒಂಬತ್ತು ವರ್ಷದಿಂದ ಏರ್‌ಪೋರ್ಟ್ ಹತ್ತಿರದ ಒಂದು ಪ್ಯಾಕ್‌ಹೌಸ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ, ತರಕಾರಿ ಗ್ರೇಡಿಂಗು, ಪೇಪರ್ ಕೆಲಸ ಎರಡೂ. ಅವರು ಲೈಸೆನ್ಸ್ ಅಂದಿದ್ದು ಐಇಸಿ ಅನ್ನೋ ನಂಬರ್, ಆಮದು ರಫ್ತು ಮಾಡುವವರಿಗೆ ಸರ್ಕಾರ ಕೊಡುವುದು. ವಿದೇಶ ವ್ಯಾಪಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ ಡಿಜಿಎಫ್‌ಟಿಯ ವೆಬ್‌ಸೈಟಿನಲ್ಲಿ ಪ್ಯಾನ್ ಕಾರ್ಡು, ಬ್ಯಾಂಕ್ ವಿವರ ಕೊಟ್ಟರೆ ಆಗುತ್ತದೆ. ಸರ್ಕಾರದ ಶುಲ್ಕ 500 ರೂಪಾಯಿ. ಅದರ ಮೇಲೆ ಕೃಷಿ ಮಾಲಿನ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೆಡಾದಲ್ಲಿ ನೋಂದಣಿ ಬೇಕು, ಅದಕ್ಕೆ ಬೇರೆ ಶುಲ್ಕ ಇದೆ. ಇಷ್ಟೆಲ್ಲಾ ಮಾಡಿಸಿದರೂ ಕೈಗೆ ಬರುವುದು ಒಂದು ನಂಬರ್ ಮಾತ್ರ, ಕೊಳ್ಳುವವರು ಬರುವುದಿಲ್ಲ. ಒಂದು ಬೆಳೆ, ಹತ್ತು ಟನ್ ಇಟ್ಟುಕೊಂಡು ನೀವೇ ಎಕ್ಸ್‌ಪೋರ್ಟರ್ ಆಗುವ ಅಗತ್ಯವೇ ಇಲ್ಲ.

ಈಗ ಜಪಾನ್. ಅಲ್ಲಿ ಕುಂಬಳಕ್ಕೆ ಒಳ್ಳೇ ಬೆಲೆ ಇರುವುದು ನಿಜ, ಅವರು ಹೊರಗಿಂದ ತರಿಸುವುದೂ ನಿಜ. ಆದರೆ ನಮ್ಮ ಕಾಯಿಯನ್ನು ಒಳಗೆ ಬಿಡುವುದಿಲ್ಲ. ಕಾರಣ ಹಣ್ಣಿನ ನೊಣ. ಬಳ್ಳಿ ತರಕಾರಿ ಬೆಳೆದವರಿಗೆಲ್ಲಾ ಗೊತ್ತಿರುತ್ತದೆ, ಎಳೇ ಕಾಯಿ ಮೇಲೆ ಸೂಜಿ ಚುಚ್ಚಿದಂಥ ತೂತು, ಅಲ್ಲೊಂದು ಹನಿ ಅಂಟು, ಕೊಯ್ದರೆ ಒಳಗೆ ಬಿಳಿ ಹುಳ. ಈ ನೊಣ ಇರುವ ದೇಶಗಳಿಂದ ಕುಂಬಳ ಜಾತಿಯ ತಾಜಾ ಕಾಯಿ ತರುವುದನ್ನು ಜಪಾನ್ ನಿಷೇಧಿಸಿದೆ, ಆ ಪಟ್ಟಿಯಲ್ಲಿ ಭಾರತವೂ ಇದೆ. ಅವರು ಇಷ್ಟು ಬಿಗಿ ಇರುವುದಕ್ಕೆ ಅವರದೇ ಅನುಭವ ಕಾರಣ. ಒಕಿನಾವಾ ದ್ವೀಪಗಳಲ್ಲಿ ಇದೇ ನೊಣ ಇತ್ತು. ಅದು ಇರುವವರೆಗೂ ಅಲ್ಲಿನ ಹಾಗಲಕಾಯಿಯನ್ನು ಅವರದೇ ದೇಶದ ಬೇರೆ ಊರುಗಳಿಗೆ ಕಳಿಸುವಂತಿರಲಿಲ್ಲ! ಫ್ಯಾಕ್ಟರಿಯಲ್ಲಿ ನೊಣ ಸಾಕಿ, ವಿಕಿರಣ ಕೊಟ್ಟು ಬಂಜೆ ಮಾಡಿ, ಸಂತತಿ ಬೆಳೆಯದಿರಲಿ ಅಂತ ಹೊರಗೆ ಬಿಟ್ಟು, ಹೀಗೆ ಸುಮಾರು ಇಪ್ಪತ್ತು ವರ್ಷ ಒದ್ದಾಡಿ 1993ರಲ್ಲಿ ಪೂರ್ತಿ ತೊಲಗಿಸಿದರು. ಅಷ್ಟು ಖರ್ಚು ಮಾಡಿದವರು ಮತ್ತೆ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಾರಾ ಹೇಳಿ. ನಮ್ಮ ಮಾವಿಗೆ 2006ರಲ್ಲಿ ಬಾಗಿಲು ತೆಗೆದರು, ಅದೂ ಬಿಸಿ ಆವಿಯ ಉಪಚಾರ ಮಾಡಿಸಿದ ಮೇಲೆ, ಅವರು ಒಪ್ಪಿದ ತಳಿಗಳಿಗೆ ಮಾತ್ರ. ಕುಂಬಳಕ್ಕೆ ಅಂಥ ದಾರಿ ಇಲ್ಲ.

ಯುರೋಪೂ ಸುಲಭ ಅಂದುಕೊಳ್ಳಬೇಡಿ. 2014ರ ಮೇ 1ರಿಂದ ನಮ್ಮ ಮಾವು, ಬದನೆ, ಕೆಸು, ಹಾಗಲ, ಪಡವಲ ಐದನ್ನೂ ಅವರು ನಿಲ್ಲಿಸಿದ್ದರು. ಬಾಕ್ಸುಗಳಲ್ಲಿ ಕೀಟ ಸಿಕ್ಕಿದ್ದೇ ಕಾರಣ, ಅದರಲ್ಲೂ ಹಣ್ಣಿನ ನೊಣ. ಮಾವಿಗೆ ಮುಂದಿನ ವರ್ಷವೇ ಬಿಟ್ಟರು, ತರಕಾರಿಗಳು ಇನ್ನೂ ಕಾಯಬೇಕಾಯಿತು. ಯಾರೋ ನಾಲ್ಕು ಜನ ನೋಡದೆ ತುಂಬಿದ ಬಾಕ್ಸಿಗೆ ಇಡೀ ದೇಶದ ರೈತರು ದಂಡ ಕಟ್ಟಿದ ಹಾಗಾಯಿತು. ನನಗೆ ಈಗಲೂ ಗ್ರೇಡಿಂಗ್ ಟೇಬಲ್ ಮುಂದೆ ನಿಂತಾಗ ಅದು ನೆನಪಾಗುತ್ತದೆ.

ಉಳಿದಿದ್ದು ಗಲ್ಫ್, ಮಾಲ್ಡೀವ್ಸ್. ಅಲ್ಲಿಗೂ ಫೈಟೋ ಸರ್ಟಿಫಿಕೇಟ್ ಬೇಕು, ಅಂದರೆ ಸಸ್ಯ ಸಂಗರೋಧದ ಅಧಿಕಾರಿ ಕಾಯಿ ನೋಡಿ ಕೀಟ ಇಲ್ಲ ಅಂತ ಕೊಡುವ ಪತ್ರ. ಆದರೆ ಅದು ಆಗುವ ಕೆಲಸ, ನಾವು ಮಾಡುತ್ತಲೇ ಇರುತ್ತೇವೆ.

ತುಮಕೂರು ಟು ದುಬೈ:

ಗಲ್ಫ್ ವಿಷಯ ನಾನು ಹೇಳುತ್ತೇನೆ. ನಮ್ಮೂರು ಕೊರಟಗೆರೆ ಹತ್ತಿರ, ಈಗ ದುಬೈನ ಅಲ್ ಅವೀರ್ ತರಕಾರಿ ಮಾರುಕಟ್ಟೆಯಲ್ಲಿ ಕೆಲಸ. ಸಿಹಿಗುಂಬಳ ಇಲ್ಲಿ ಖಂಡಿತ ನಡೆಯುತ್ತದೆ. ತಿನ್ನುವವರು ಹೆಚ್ಚಾಗಿ ನಮ್ಮವರೇ. ಮಲಯಾಳಿಗಳಿಗೆ ಓಣಂ ಹತ್ತಿರ ಬಂದರೆ ಬೇಕೇ ಬೇಕು, ತಮಿಳರಿಗೆ ಸಾಂಬಾರಿಗೆ, ಬಂಗಾಳಿಗಳಿಗೆ ವರ್ಷವಿಡೀ. ಆದರೆ ಯಾರೂ ಕುಂಬಳ ಒಂದನ್ನೇ ಕಂಟೇನರ್ ತುಂಬಾ ತರಿಸುವುದನ್ನು ನಾನು ನೋಡಿಲ್ಲ. ನುಗ್ಗೆ, ಹಾಗಲ, ಬೂದುಗುಂಬಳ, ಬಾಳೆಕಾಯಿ ಇವುಗಳ ಜೊತೆ ಇಷ್ಟು ಅಂತ ಬರುತ್ತದೆ. ವಿಮಾನದಲ್ಲಿ ಕಳಿಸಿದರೆ ಬಾಡಿಗೆಯೇ ಕಾಯಿಯ ಬೆಲೆಗಿಂತ ಜಾಸ್ತಿ, ಭಾರದ ಮಾಲು ಅಲ್ವಾ. ಹಡಗೇ ಸರಿ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಇಲ್ಲಿ ಎಷ್ಟೋ ವ್ಯಾಪಾರ ಮಾರಿದ ಮೇಲೆ ದುಡ್ಡು ಅನ್ನೋ ಲೆಕ್ಕದಲ್ಲಿ ನಡೆಯುತ್ತದೆ. ಮಾಲು ಇಳಿದ ದಿನ ಬೆಲೆ ಬಿದ್ದಿದ್ದರೆ, ಅಥವಾ ಇಷ್ಟು ಕಾಯಿ ಕೊಳೆತಿತ್ತು ಅಂತ ಇಲ್ಲಿಂದ ಒಂದು ಫೋಟೊ ಬಂದರೆ, ಕಳಿಸಿದವರು ಏನೂ ಮಾಡಲಿಕ್ಕೆ ಆಗುವುದಿಲ್ಲ. ನಮ್ಮ ಭಾವನೇ ಒಮ್ಮೆ ಪರಿಚಯದವರ ಮಾತು ನಂಬಿ ನುಗ್ಗೆ ಕಳಿಸಿ ಒಂದೂಕಾಲು ಲಕ್ಷ ಕಳೆದುಕೊಂಡರು, ಅಕ್ಕನ ಸರ ಅಡವಿಟ್ಟು ಸಾಲ ತೀರಿಸಿದ್ದು. ಕೊಂಡವರು ದುಡ್ಡು ಕೊಡದೆ ಕೈ ಎತ್ತಿದರೆ ಅಂತ ರಫ್ತು ಮಾಡುವವರಿಗೆ ಇಸಿಜಿಸಿ ಅನ್ನೋ ಸರ್ಕಾರಿ ಕಂಪನಿಯ ವಿಮೆ ಇದೆ, ಆದರೆ ಬೆಲೆ ಬಿದ್ದಿದ್ದಕ್ಕೆ, ಕಾಯಿ ಕೊಳೆತಿತ್ತು ಅನ್ನೋ ತಕರಾರಿಗೆ ಅದನ್ನು ನಂಬಿ ಕೂರುವಂತಿಲ್ಲ. ನೀವು ಮಾತ್ರ ತೋಟದ ಬಾಗಿಲಲ್ಲೇ ತೂಕ ಹಾಕಿಸಿ ದುಡ್ಡು ತೆಗೆದುಕೊಳ್ಳಿ. ಎರಡು ರೂಪಾಯಿ ಕಡಿಮೆ ಆದರೂ ಪರವಾಗಿಲ್ಲ.

ಕೆರೆಯಂಚಿನ ತೋಟ, ಮುಳಬಾಗಿಲು:

ಶಿಡ್ಲಘಟ್ಟದ ಅಣ್ಣ, ದುಬೈ ಅಣ್ಣ, ಇಬ್ಬರಿಗೂ ಕೈ ಮುಗಿಯುತ್ತೇನೆ. ದುಡ್ಡು ಕೊಡುವುದಿಲ್ಲ ಅಂತ ಅವರಿಗೆ ಫೋನ್ ಮಾಡಿ ಹೇಳಿದೆ, ರೇಗಿದರು. ಇನ್ನೊಂದು ಕೇಳಬೇಕಿತ್ತು. ನಮ್ಮದು ನಾಟಿ ಕಾಯಿ, ಒಂದೊಂದು ಐದರಿಂದ ಎಂಟು ಕೆಜಿ ತೂಗುತ್ತದೆ. ದೊಡ್ಡದಿದ್ದರೆ ಒಳ್ಳೇದಾ, ಚಿಕ್ಕದಾ? ನಮ್ಮ ತಂದೆ ದೊಡ್ಡ ಕಾಯಿ ಬಂದರೆ ಬಾಗಿಲಲ್ಲಿ ಇಟ್ಟು ಎಲ್ಲರಿಗೂ ತೋರಿಸುತ್ತಿದ್ದರು.

ಗುಡಿಬಂಡೆ ಹೊಲ:

ತಮ್ಮಾ, ಇದಕ್ಕೆ ನಾನು ಹೇಳುತ್ತೇನೆ, ನಾಲ್ಕು ವರ್ಷದಿಂದ ಇದನ್ನೇ ಬೆಳೆಯುತ್ತಿದ್ದೇನೆ. ದೊಡ್ಡ ಕಾಯಿ ಮದುವೆ ಮನೆಗೆ, ಹೋಟೆಲಿಗೆ. ರಫ್ತಿನ ಬಾಕ್ಸಿಗೆ ಹೋಗುವುದು ಎರಡು ಮೂರು ಕೆಜಿ ಕಾಯಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಎರಡು ತಳಿ ಇದೆ. ಅರ್ಕಾ ಚಂದನ್ ಎರಡು ಮೂರು ಕೆಜಿ ತೂಗುತ್ತದೆ. ಅರ್ಕಾ ಸೂರ್ಯಮುಖಿ ಇನ್ನೂ ಚಿಕ್ಕದು, ಒಂದು ಕೆಜಿ ಆಸುಪಾಸು, ಕಿತ್ತಳೆ ಬಣ್ಣದ ದುಂಡು ಕಾಯಿ, ಹಣ್ಣಿನ ನೊಣವನ್ನೂ ತಡೆದುಕೊಳ್ಳುತ್ತದೆ. ಮೊದಲ ವರ್ಷ ನಾನು ಸೂರ್ಯಮುಖಿ ಹಾಕಿದಾಗ ನಮ್ಮೂರ ಸಂತೆಯಲ್ಲಿ ಇದೇನು ಆಟದ ಸಾಮಾನಾ ಅಂದರು, ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಅದನ್ನೇ ಕೇಳಿ ಕೇಳಿ ತೆಗೆದುಕೊಂಡರು. ಮೂರು ಜನರ ಮನೆಗೆ ಎಂಟು ಕೆಜಿ ಕಾಯಿ ಯಾಕೆ ಬೇಕು?

ಈಗಿನ ಕಾಯಿಗೆ ಏನು ಮಾಡಬಹುದು ಅಂದರೆ, ಕೀಳುವಾಗ ತಿರುಚಬೇಡಿ. ಕತ್ತರಿಯಲ್ಲಿ ಎರಡು ಮೂರು ಇಂಚು ತೊಟ್ಟು ಬಿಟ್ಟು ಕತ್ತರಿಸಿ. ತೊಟ್ಟು ಕಳಚಿದ ಜಾಗದಿಂದಲೇ ಕೊಳೆಯಲು ಶುರುವಾಗುವುದು. ಬಲಿತಿದೆಯಾ ಅಂತ ನೋಡುವುದಕ್ಕೆ ಉಗುರು ಒತ್ತಿ, ಸಿಪ್ಪೆಗೆ ಇಳಿಯಬಾರದು. ಆಮೇಲೆ ಹೊಂಗೆ ಮರದ ನೆರಳಲ್ಲಿ ರಾಗಿ ಹುಲ್ಲು ಹರಡಿ ಒಂದರ ಮೇಲೊಂದು ಹೇರದೆ ಹತ್ತು ದಿನ ಬಿಡಿ. ಸಿಪ್ಪೆ ಗಟ್ಟಿಯಾಗುತ್ತದೆ, ಬೆರಳಲ್ಲಿ ತಟ್ಟಿದರೆ ಸದ್ದೇ ಬೇರೆ ಬರುತ್ತದೆ. ಹಾಗೆ ಆರಿಸಿದ ಕಾಯಿ ಎರಡು ತಿಂಗಳು ತಡೆಯುತ್ತದೆ. ಅಂದರೆ ಇವತ್ತೇ ಆರು ರೂಪಾಯಿಗೆ ಕೊಟ್ಟುಬಿಡಬೇಕು ಅನ್ನೋ ಆತುರ ನಿಮಗೆ ಬೇಕಿಲ್ಲ. ಟೊಮೆಟೊ ಹಾಗಲ್ಲ ಇದು. ಹೂ ಬಿಡುವಾಗಲೇ ಎಕರೆಗೆ ಇಷ್ಟು ಅಂತ ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಬೇಕು, ಅದು ಮುಂದಿನ ಬೆಳೆಗೆ.

ಶಿಡ್ಲಘಟ್ಟದವನು:

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಕೋಲ್ಡ್ ಸ್ಟೋರೇಜ್ ಬಗ್ಗೆ ಒಂದು ಸೇರಿಸುತ್ತೇನೆ. 10ರಿಂದ 13 ಡಿಗ್ರಿ ಸಾಕು, ಅದಕ್ಕಿಂತ ಕೆಳಗೆ ಹೋದರೆ ಕಾಯಿಗೆ ಚಳಿ ಹೊಡೆದು ಆಮೇಲೆ ಗುಳಿ ಬಿದ್ದು ಕೊಳೆಯುತ್ತದೆ. ಹಣ್ಣಾಗುತ್ತಿರುವ ಬಾಳೆ, ಸೇಬಿನ ಜೊತೆ ಇಡಬಾರದು. ಇನ್ನೊಂದು, ಬೂದುಗುಂಬಳ ಸಿಹಿಗುಂಬಳ ಎರಡೂ ಒಂದೇ ಅಂತ ಪೇಪರ್‌ನಲ್ಲಿ ಬರೆಸಬೇಡಿ. 2012ರಿಂದ ಸಿಹಿಗುಂಬಳ ಜಾತಿಗೆ 0709 93 ಅಂತ ಬೇರೆಯೇ ಎಚ್‌ಎಸ್ ಕೋಡ್ ಇದೆ, ಅಂದರೆ ಕಸ್ಟಮ್ಸ್‌ನವರು ಮಾಲು ಗುರುತಿಸುವ ನಂಬರ್. ಬೂದುಗುಂಬಳ ಬೇರೆ ಕುಲದ್ದು, ಆ ಕೋಡಿಗೆ ಬರುವುದಿಲ್ಲ.

ಬಂಗಾರಪೇಟೆ ಹುಡುಗಿ:

ನಾನು ಈಗ ನ್ಯೂಜಿಲೆಂಡಿನ ಹಾಕ್ಸ್ ಬೇ ಕಡೆ ಇದ್ದೇನೆ. ಎರಡು ಸೀಸನ್ ಕುಂಬಳದ ಪ್ಯಾಕ್‌ಹೌಸ್‌ನಲ್ಲಿ ಕೆಲಸ ಮಾಡಿದೆ, ಜಪಾನಿಗೆ ಹೋಗುವ ಕಾಯಿಯನ್ನು ಕೈಯಲ್ಲಿ ಹಿಡಿದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಅದು ನಮ್ಮ ಸಿಹಿಗುಂಬಳದ ಹಾಗೆ ಇರುವುದಿಲ್ಲ. ಕಡು ಹಸಿರು ಸಿಪ್ಪೆ, ಒಳಗೆ ಗಾಢ ಹಳದಿ, ಬೇಯಿಸಿದರೆ ನೀರು ಬಿಡದೆ ಗೆಣಸಿನ ಹಾಗೆ ಹಿಟ್ಟು ಹಿಟ್ಟು. ಜಪಾನಿನಲ್ಲಿ ಕಬೋಚಾ ಅನ್ನುತ್ತಾರೆ. ಅಮ್ಮ ಮಾಡುವ ಹಾಗೆ ಹುಳಿ ಮಾಡಲು ಹೋದೆ, ಪೂರ್ತಿ ಕರಗಿ ಗಂಜಿ ಆಯಿತು. ಅಂದರೆ ಅವರು ದುಡ್ಡು ಕೊಡುವುದು ಆ ಒಣ ತಿರುಳಿಗೆ. ನೊಣದ ತೊಂದರೆ ಇಲ್ಲದಿದ್ದರೂ ನಮ್ಮ ನಾಟಿ ಕಾಯಿ ಅವರಿಗೆ ಹಿಡಿಸುವುದು ಕಷ್ಟ.

ಇನ್ನು ಇಡೀ ವ್ಯಾಪಾರ ನಿಂತಿರುವುದು ತಿಂಗಳ ಮೇಲೆ. ಜಪಾನಿನ ಹೊಕ್ಕೈಡೊದಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ತನಕ ಅವರದೇ ಬೆಳೆ ಬರುತ್ತದೆ. ಅದು ಮುಗಿದ ಮೇಲೆ ಮೆಕ್ಸಿಕೊ, ಆಮೇಲೆ ನಾವು ಜನವರಿಯಲ್ಲಿ ಕೀಳಲು ಶುರುಮಾಡುವ ನ್ಯೂಜಿಲೆಂಡಿನ ಕಾಯಿ. ಡಿಸೆಂಬರ್‌ನಲ್ಲಿ ವರ್ಷದ ಅತಿ ಚಿಕ್ಕ ಹಗಲಿನ ದಿನ ಜಪಾನಿನಲ್ಲಿ ಮನೆ ಮನೆಯಲ್ಲೂ ಕುಂಬಳ ತಿನ್ನುವ ಪದ್ಧತಿ ಇದೆ, ನಮ್ಮಲ್ಲಿ ಸಂಕ್ರಾಂತಿಗೆ ಅವರೆಕಾಯಿ, ಗೆಣಸು ಬೇಯಿಸುವ ಹಾಗೆ.

ಆ ನವೆಂಬರ್, ಡಿಸೆಂಬರ್ ಸಂದನ್ನು ಹಿಡಿದವರು ಟೊಂಗಾದವರು, ಶಾಂತಸಾಗರದ ಪುಟ್ಟ ದೇಶ. 1987ರಲ್ಲಿ ಶುರುಮಾಡಿದರು, ಕೆಲವೇ ವರ್ಷದಲ್ಲಿ ಅವರ ದೇಶದ ಅತಿ ದೊಡ್ಡ ರಫ್ತು ಕುಂಬಳವೇ ಆಯಿತು. ಎಲ್ಲರೂ ಅದನ್ನೇ ಬೆಳೆದರು, ಸಾಲ ತೆಗೆದರು. ಆಮೇಲೆ ಮಾಲು ಜಾಸ್ತಿ ಆಗಿ ಬೆಲೆ ಬಿತ್ತು, ಮೆಕ್ಸಿಕೊದವರೂ ಪೈಪೋಟಿಗೆ ನಿಂತರು. 2000 ದಾಟಿದ ಮೇಲೆ ಆ ವ್ಯಾಪಾರ ಸೊರಗಿಹೋಯಿತು. ನನ್ನ ಜೊತೆ ಲೈನಿನಲ್ಲಿ ನಿಲ್ಲುತ್ತಿದ್ದ ಟೊಂಗಾದ ಒಬ್ಬ ಅಜ್ಜಿ ಇದನ್ನು ಹೇಳುವಾಗ ಕೈಯಲ್ಲಿದ್ದ ಕಾಯಿಯನ್ನು ಸುಮ್ನೆ ಸವರುತ್ತಾ ನಿಂತುಬಿಟ್ಟರು. ನನಗೆ ನಮ್ಮ ಕೋಲಾರದಲ್ಲಿ ರಸ್ತೆಗೆ ಸುರಿದ ಟೊಮೆಟೊ ಕಣ್ಣಿಗೆ ಕಟ್ಟಿತು. ಒಂದೇ ಬೆಳೆ, ಒಂದೇ ಗಿರಾಕಿ ಅಂತ ಊರಿಗೆ ಊರೇ ಹೊರಡಬೇಡಿ ಅಣ್ಣಾ.

ಮಧುಗಿರಿ ಮಿಡಿಸೌತೆ:

ಬಂಗಾರಪೇಟೆ ತಂಗಿ ಹೇಳಿದ್ದಕ್ಕೆ ನಮ್ಮ ಕಡೆಯ ಒಂದು ಉದಾಹರಣೆ. ನಾವು ಬೆಳೆಯುವ ಗರ್ಕಿನ್, ಅಂದರೆ ಉಪ್ಪಿನಕಾಯಿಯ ಮಿಡಿಸೌತೆ, ಕೂಡ ಬಳ್ಳಿ ಬೆಳೆಯೇ, ನಮ್ಮಲ್ಲಿ ಅದನ್ನು ಯಾರೂ ತಿನ್ನುವುದಿಲ್ಲ, ಆದರೂ 1990ರ ದಶಕದಿಂದ ನಡೆಯುತ್ತಾ ಬಂದಿದೆ. 2020-21ರಲ್ಲಿ ದೇಶದಿಂದ ಹೋದ ಸೌತೆ, ಗರ್ಕಿನ್ 2,23,515 ಟನ್. ಕಂಪನಿಯವರು ಬೀಜ ಕೊಟ್ಟು, ಬೆಲೆ ಮೊದಲೇ ಬರೆದುಕೊಟ್ಟು, ಉಪ್ಪು ನೀರಿನಲ್ಲೋ ವಿನೆಗರ್‌ನಲ್ಲೋ ಹಾಕಿ ಕಳಿಸುತ್ತಾರೆ. ಹಾಗೆ ಹಾಕಿದ ಕಾಯಿಯಲ್ಲಿ ನೊಣದ ಮಾತೇ ಇಲ್ಲ. ಕುಂಬಳದ ತಿರುಳನ್ನೂ ಹೀಗೆ ಬೇಯಿಸಿ ಡಬ್ಬಿಗೆ ಹಾಕಿದರೆ ದಾರಿ ಇನ್ನೂ ಅಗಲ ಆಗುತ್ತದೆ ಅಂತ ನನ್ನ ಅನಿಸಿಕೆ. ಆದರೆ ಅದಕ್ಕೆ ಒಬ್ಬಿಬ್ಬರು ಸಾಲದು, ರೈತರ ಕಂಪನಿಯೇ ಕೈ ಹಾಕಬೇಕು.

ಶಿಡ್ಲಘಟ್ಟದವನು:

ಮುಳಬಾಗಿಲು ಅಣ್ಣಾ, ಹೀಗೆ ಮಾಡಿ. ಮೂರು ಕೆಜಿ ಒಳಗಿನ ಕಾಯಿ, ತೊಟ್ಟು ಇರುವುದು, ಗಾಯ ಇಲ್ಲದ್ದು ಮಾತ್ರ ಬೇರೆ ಮಾಡಿ. ಎಷ್ಟಾಗುತ್ತದೆ ಅಂತ ಹೇಳಿ. ಮುಂದಿನ ವಾರ ಮಿಶ್ರ ತರಕಾರಿ ಲೋಡ್ ಒಂದಿದೆ, ಸ್ಯಾಂಪಲ್‌ಗೆ ಹತ್ತು ಕಾಯಿ ತನ್ನಿ, ನಿಮ್ಮೆದುರೇ ಕೊಯ್ದು ನೋಡೋಣ. ಪಾಸಾದರೆ ತೂಕ ಹಾಕಿದ ದಿನವೇ ದುಡ್ಡು.

ಕೆರೆಯಂಚಿನ ತೋಟ, ಮುಳಬಾಗಿಲು:

ಇವತ್ತು ಬೆಳಗ್ಗೆಯಿಂದ ನಾನು, ಮನೆಯವಳು, ಮಗ ಮೂವರೂ ಕೂತು ಆರಿಸಿದೆವು. ಹೆಚ್ಚಿನವು ದೊಡ್ಡ ಕಾಯಿಯೇ, ನೀವು ಹೇಳಿದ ಅಳತೆಗೆ ಸಿಕ್ಕಿದ್ದು 312. ಮಗ ಒಂದೊಂದರ ತೊಟ್ಟೂ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾನೆ. ದೊಡ್ಡ ಕಾಯಿಗಳನ್ನು ಅಕ್ಕ ಹೇಳಿದ ಹಾಗೆ ಹುಲ್ಲಿನ ಮೇಲೆ ಹರಡಿದ್ದೇವೆ, ಶ್ರಾವಣದ ಮದುವೆಗಳ ತನಕ ಕಾಯುತ್ತೇನೆ. ಅಕ್ಕಾ, ಸೂರ್ಯಮುಖಿ ಬೀಜ ಹೆಸರಘಟ್ಟದಲ್ಲೇ ಸಿಗುತ್ತದಾ? ಶಿಡ್ಲಘಟ್ಟದ ಅಣ್ಣಾ, ಸೋಮವಾರ ಮೊದಲ ಬಸ್ಸಿಗೆ ಹತ್ತು ಕಾಯಿ ತಗೊಂಡು ಬರುತ್ತೇನೆ.