ಇಳಿಜಾರಿನಲ್ಲಿ ನಿಂತ ವಸ್ತು: ಘರ್ಷಣೆ ಮೇಲಕ್ಕೋ ಕೆಳಕ್ಕೋ?

ಹೊಳೆದಂಡೆ, ಮಂಡ್ಯ:

ಫಸ್ಟ್ ಪಿಯುಸಿ ಮಕ್ಕಳು ಕೇಳಿದ ಲೆಕ್ಕ. 30 ಡಿಗ್ರಿ ಇಳಿಜಾರಿನ ಮೇಲೆ 10 ಕೆ.ಜಿ. ದಿಮ್ಮಿ. ಸ್ಥಿತ ಘರ್ಷಣಾಂಕ ಮ್ಯೂ 0.4, ಗುರುತ್ವ 10 ಅಂತಿಟ್ಟುಕೊಳ್ಳಿ. ಇಳಿಜಾರಿಗೆ ಸಮಾಂತರವಾಗಿ ಮೇಲಕ್ಕೆ 30 ನ್ಯೂಟನ್ ಎಳೆತವಿದೆ, ದಿಮ್ಮಿ ಅಲುಗಿಲ್ಲ. ಘರ್ಷಣೆ ಕೆಳಮುಖ ಎಂದು ಊಹಿಸಿ ಬಿಡಿಸಿದೆ. ಮೈನಸ್ 20 ಬಂತು. ಅಂದರೆ ನಿಜವಾಗಿ ಮೇಲ್ಮುಖ, 20 ನ್ಯೂಟನ್. ಇಲ್ಲಿಗೆ ಸರಿ.

ಎರಡನೇ ಭಾಗ: ದಿಮ್ಮಿ ಕೆಳಕ್ಕೆ ಜಾರದಿರಲು ಎಳೆತ ಕನಿಷ್ಠ ಎಷ್ಟು ಬೇಕು? ಅದೇ ಕೆಳಮುಖದ ಊಹೆ ಇಟ್ಟುಕೊಂಡು ಮಾಡಿದರೆ 84.6 ಬರುತ್ತೆ, ಉತ್ತರ 15.4 ಅಂತಿದೆ. ಮೈನಸ್ಸೂ ಬರಲಿಲ್ಲ, ಎಚ್ಚರಿಕೆಯೂ ಸಿಗಲಿಲ್ಲ. ಮೊದಲನೆಯದರಲ್ಲಿ ತಾನೇ ತಿದ್ದಿಕೊಂಡ ಗಣಿತ ಎರಡನೆಯದರಲ್ಲಿ ಯಾಕೆ ಕೈಕೊಟ್ಟಿತು?

ತೂಗುಗುಂಡು, ಮೈಸೂರು:

ಸಾರ್, ಮೊದಲ ಭಾಗದಲ್ಲಿ ಘರ್ಷಣೆ ಅಜ್ಞಾತ. ಸಮೀಕರಣ ಅದಕ್ಕೆ ಯಾವ ಬೆಲೆ ಬೇಕಾದರೂ ಕೊಡಬಹುದು, ಚಿಹ್ನೆ ಸಮೇತ. ಹಾಗಾಗಿ ತಪ್ಪು ಊಹೆಯನ್ನು ಅದೇ ತಿದ್ದುತ್ತೆ.

ಎರಡನೇ ಭಾಗದಲ್ಲಿ ನೀವು ಘರ್ಷಣೆಯ ಜಾಗಕ್ಕೆ 'ಮ್ಯೂ ಗುಣಿಸು ಲಂಬ ಪ್ರತಿಕ್ರಿಯೆ' ಎಂದು, ಅಂದರೆ ಘರ್ಷಣೆಯ ಗರಿಷ್ಠ ಮಿತಿಯನ್ನೇ, ಬರೆದುಬಿಟ್ಟಿರಿ (ಲಂಬ ಪ್ರತಿಕ್ರಿಯೆ ಅಂದರೆ ಇಳಿಜಾರಿನ ಮೇಲ್ಮೈ ದಿಮ್ಮಿಯನ್ನು ತನಗೆ ಲಂಬವಾಗಿ ತಳ್ಳುವ ಬಲ). ಮ್ಯೂ ಧನ, ಲಂಬ ಪ್ರತಿಕ್ರಿಯೆ ಧನ. ಆ ಗುಣಲಬ್ಧ ಯಾವತ್ತೂ ಮೈನಸ್ ಆಗದು. ದಿಕ್ಕನ್ನು ನೀವೇ ಮೊಳೆ ಹೊಡೆದು ಕೂರಿಸಿದ ಮೇಲೆ ಸಮೀಕರಣ ಬೇರೆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುತ್ತೆ: 84.6 ಎಂಬುದು ದಿಮ್ಮಿ ಮೇಲಕ್ಕೆ ಜಾರಲು ಶುರುವಾಗುವ ಹಂತ.

ಅಂಕಿ ನೋಡಿ. ತೂಕದ ಇಳಿಜಾರು ಘಟಕ 50, ಲಂಬ ಪ್ರತಿಕ್ರಿಯೆ 86.6, ಗರಿಷ್ಠ ಘರ್ಷಣೆ 34.6. ಎಳೆತ 15.4ರಿಂದ 84.6ರವರೆಗೆ ಎಲ್ಲಿದ್ದರೂ ದಿಮ್ಮಿ ನಿಲ್ಲುತ್ತೆ. ಎಳೆತ 30 ಇದ್ದರೆ ಘರ್ಷಣೆ 20 ಮೇಲಕ್ಕೆ, 50 ಇದ್ದರೆ ಸೊನ್ನೆ, 70 ಇದ್ದರೆ 20 ಕೆಳಕ್ಕೆ. 'ಘರ್ಷಣೆ ಎಳೆತಕ್ಕೆ ವಿರುದ್ಧ' ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವುದೇ ಈ ಗೊಂದಲದ ಬೇರು. 30 ನ್ಯೂಟನ್‌ನಲ್ಲಿ ಎಳೆತವೂ ಘರ್ಷಣೆಯೂ ಒಂದೇ ಕಡೆಗಿವೆಯಲ್ಲ!

'ಜಾರುವ ಅಂಚಿನಲ್ಲಿದೆ' ಎಂದು ಲೆಕ್ಕವೇ ಹೇಳಿದ್ದರೆ ಮಾತ್ರ ಮ್ಯೂ ಬಳಸಿ. ಆಗ ಯಾವ ಕಡೆಗೆ ಜಾರುವ ಅಂಚು ಅನ್ನುವುದನ್ನು ಸಮೀಕರಣಕ್ಕೂ ಮುಂಚೆ ತೀರ್ಮಾನಿಸಿ. ಬರೀ 'ನಿಂತಿದೆ' ಅಂತಿದ್ದರೆ ಘರ್ಷಣೆಯನ್ನು ಅಜ್ಞಾತವಾಗಿಯೇ ಬಿಡಿ.

ಗಾಲಿಕೀಲು, ಮದ್ದೂರು:

ದಿಮ್ಮಿಗೆ ಇಷ್ಟು ಸಾಕು. ಉರುಳುವ ವಸ್ತು ಬಂದರೆ 'ಘರ್ಷಣೆ ಇಲ್ಲದಿದ್ದರೆ ಯಾವ ಕಡೆ ಜಾರುತ್ತಿತ್ತು' ಅನ್ನುವ ಊಹೆಯಲ್ಲಿ ಎಡವುವವರೇ ಜಾಸ್ತಿ. ಅಲ್ಲಿ ಟಾರ್ಕ್ ಹಿಡಿಯಿರಿ, ಅಂದರೆ ಬಲದ ತಿರುಗಿಸುವ ಪರಿಣಾಮ: ಬಲ ಗುಣಿಸು ಬಿಂದುವಿನಿಂದ ಬಲದ ಗೆರೆಗಿರುವ ಲಂಬ ದೂರ.

ಕೇಬಲ್ ಸುತ್ತುವ ಮರದ ಡ್ರಮ್, ತೂಕ 200 ನ್ಯೂಟನ್, ಅದೇ 30 ಡಿಗ್ರಿ ಇಳಿಜಾರು. ಇಳಿಜಾರಿಗೆ ಸಮಾಂತರವಾದ ಹಗ್ಗ ಅದನ್ನು ಮೇಲಿನಿಂದ ಹಿಡಿದಿದೆ. ಕೆಳಕ್ಕೆ ಎಳೆಯುವ ಘಟಕ 100, ಅದು ಅಚ್ಚಿನಲ್ಲಿ. ತೂಕದ ಇನ್ನೊಂದು ಘಟಕವೂ ಲಂಬ ಪ್ರತಿಕ್ರಿಯೆಯೂ ಒಂದೇ ಗೆರೆಯಲ್ಲಿದ್ದು ಪರಸ್ಪರ ವಜಾ. ಈಗ ಹಗ್ಗದ ಗೆರೆಯ ಮೇಲಿನ ಒಂದು ಬಿಂದುವಿನ ಸುತ್ತ ಟಾರ್ಕ್ ಬರೆದರೆ ಹಗ್ಗದ ಎಳೆತ ಲೆಕ್ಕದಿಂದಲೇ ಹೊರಗೆ.

ಹಗ್ಗ ಡ್ರಮ್ಮಿನ ನೆತ್ತಿಯಿಂದ ಹೊರಟಿದ್ದರೆ ಅಚ್ಚು ಆ ಗೆರೆಯಿಂದ ಒಂದು ತ್ರಿಜ್ಯ ಕೆಳಗೆ, ನೆಲ ಎರಡು ತ್ರಿಜ್ಯ ಕೆಳಗೆ. ಎರಡೂ ಒಂದೇ ಪಕ್ಕ, ಆದ್ದರಿಂದ ಘರ್ಷಣೆ ತೂಕದ ಘಟಕಕ್ಕೆ ಎದುರು: ಮೇಲಕ್ಕೆ, 50. ಹಗ್ಗ ಅಚ್ಚಿಗೇ ಕಟ್ಟಿದ್ದರೆ ಘರ್ಷಣೆ ಸೊನ್ನೆ. ಅರ್ಧ ತ್ರಿಜ್ಯದ ಒಳ ಸುತ್ತಿನ ಕೆಳಭಾಗದಿಂದ ಹೊರಟಿದ್ದರೆ ಗೆರೆ ಅಚ್ಚು ಮತ್ತು ನೆಲದ ನಟ್ಟನಡುವೆ ಹಾಯುತ್ತೆ. ಆಗ ಘರ್ಷಣೆ ಕೆಳಕ್ಕೆ, 100, ಹಗ್ಗದಲ್ಲಿ 200. ಇಳಿಜಾರಿನಲ್ಲಿ ನಿಂತ ವಸ್ತುವನ್ನು ಘರ್ಷಣೆಯೇ ಕೆಳಕ್ಕೆ ತಳ್ಳುತ್ತೆ ಅಂದರೆ ಯಾರೂ ಮೊದಲಿಗೆ ನಂಬಲ್ಲ.

ಕಬ್ಬಿನ ಟ್ರ್ಯಾಕ್ಟರ್ ಏರಿನಲ್ಲಿ ನಿಂತಾಗಲೂ ಇದೇ ತರ್ಕ. ಬ್ರೇಕ್ ಇಲ್ಲದ ಟ್ರೇಲರ್ ಗಾಲಿ ಸಲೀಸಾಗಿ ತಿರುಗುತ್ತೆ, ಅದರ ಅಚ್ಚಿನ ಸುತ್ತ ಟಾರ್ಕ್ ಸೊನ್ನೆ ಆಗಬೇಕು, ಹಾಗಾಗಿ ನೆಲದ ಘರ್ಷಣೆಯೂ ಹೆಚ್ಚುಕಡಿಮೆ ಸೊನ್ನೆ. ಇಡೀ ಲೋಡಿನ ಎಳೆತ ಟ್ರ್ಯಾಕ್ಟರಿನ ಬ್ರೇಕ್ ಹಿಡಿದ ಹಿಂಗಾಲಿಗಳ ಮೇಲೆ. ಎಲ್ಲ ಗಾಲಿಗೂ ಮೇಲ್ಮುಖ ಬಾಣ ಬರೆಯುವುದು ಚಿತ್ರದಲ್ಲಿ ಕಾಣುವ ಮಾಮೂಲಿ ತಪ್ಪು.

ಹೊಳೆದಂಡೆ, ಮಂಡ್ಯ:

ಮೊಳೆ ಹೊಡೆದ ಮಾತು ಹಿಡಿಸಿತು, ನಾಳೆ ಬೋರ್ಡಿನ ಮೇಲೆ ಹಾಗೇ ಹೇಳ್ತೀನಿ. ಗೋಡೆಗೆ ಒರಗಿಸಿದ ಏಣಿಗೆ? ಗೋಡೆಯೂ ಒರಟಾಗಿದ್ದರೆ?

ತೂಗುಗುಂಡು, ಮೈಸೂರು:

ಬುಡ ಹೊರಕ್ಕೆ, ತುದಿ ಕೆಳಕ್ಕೆ ಜಾರಲು ನೋಡುತ್ತೆ. ನೆಲದ ಘರ್ಷಣೆ ಗೋಡೆಯ ಕಡೆಗೆ, ಗೋಡೆಯದು ಮೇಲಕ್ಕೆ. ಗೋಡೆ ನುಣುಪಾಗಿದ್ದರೆ ಸುಲಭ: 5 ಮೀಟರ್ ಏಣಿ, ತೂಕ 200, ಬುಡ ಗೋಡೆಯಿಂದ 3 ಮೀಟರ್. ಬುಡದ ಸುತ್ತ ಟಾರ್ಕ್ ತೆಗೆದುಕೊಂಡರೆ 200 ಗುಣಿಸು 1.5, ಭಾಗಿಸು 4; ಗೋಡೆಯ ಒತ್ತು 75. ನೆಲದ ಘರ್ಷಣೆಯೂ ಅಷ್ಟೇ. ಕನಿಷ್ಠ ಮ್ಯೂ 0.375. ತುದಿಗೆ 600 ನ್ಯೂಟನ್ ತೂಕದ ಆಳು ಹತ್ತಿದರೆ ಘರ್ಷಣೆ 525ಕ್ಕೆ ಏರುತ್ತೆ, ಬೇಕಾದ ಮ್ಯೂ 0.66, ದಿಕ್ಕು ಬದಲಾಗಲ್ಲ.

ಗೋಡೆಯೂ ಒರಟಾದರೆ ಅಜ್ಞಾತಗಳು ನಾಲ್ಕು, ಸಮೀಕರಣ ಮೂರೇ. ಸುಮ್ಮನೆ ನಿಂತ ಏಣಿಗೆ ಉತ್ತರ ಒಂದೇ ಅಂತ ಇರಲ್ಲ. ಜಾರುವ ಅಂಚಿನಲ್ಲಿದ್ದರೆ ಎರಡು ತುದಿಯೂ ಒಟ್ಟಿಗೇ ಜಾರಬೇಕು, ಆಗ ಎರಡೂ ಕಡೆ ಮ್ಯೂ ಹಾಕಬಹುದು.

ಗಾಲಿಕೀಲು, ಮದ್ದೂರು:

ಒಂದು ಬಿಟ್ಟುಹೋಯಿತು. ದಿಕ್ಕು ಸಿಕ್ಕ ಮೇಲೆ ಪ್ರಮಾಣವನ್ನು ಮಿತಿಯ ಜೊತೆ ತಾಳೆ ನೋಡಿ. ದಿಮ್ಮಿಯ ಎಳೆತ 10 ಅಂದರೆ ಸಮೀಕರಣ 40 ಕೇಳುತ್ತೆ, ಸಿಗುವುದು 34.6, ದಿಮ್ಮಿ ಜಾರಿತು, ಸಮತೋಲನದ ಲೆಕ್ಕವೇ ಬಿದ್ದುಹೋಯಿತು. ನನ್ನ ಡ್ರಮ್ಮಿಗೂ ಅಷ್ಟೇ: ಒಳ ಸುತ್ತಿನ ಕೆಳಗಿನಿಂದ ಹಗ್ಗ ಬಂದಾಗ 100 ಭಾಗಿಸು 173.2, ಮ್ಯೂ 0.58 ಬೇಕು. 0.4 ಕೊಟ್ಟರೆ ಅದು ಅಲ್ಲಿ ನಿಲ್ಲಲ್ಲ.