‘ರಮೇಶ್ ಅಂಡ್ ಐ’ ಅನ್ನಬೇಕಾ, ‘ರಮೇಶ್ ಅಂಡ್ ಮಿ’ ಅನ್ನಬೇಕಾ? – ಇಂಗ್ಲಿಷ್ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಆಫೀಸ್ ಮೇಲ್‌ನಲ್ಲಿ ‘ಪ್ಲೀಸ್ ಸೆಂಡ್ ದ ಫೈಲ್ ಟು ರಮೇಶ್ ಅಂಡ್ ಮಿ’ ಅಂತ ಬರೆದಿದ್ದೆ. ಸೀನಿಯರ್ ಒಬ್ಬರು, ‘ಮಿ’ ಒರಟಾಯ್ತು, ‘ರಮೇಶ್ ಅಂಡ್ ಐ’ ಅಂತ ಮರ್ಯಾದೆಯಾಗಿ ಬರೀರಿ ಅಂದರು. ಯಾವುದು ಸರಿ?

ಉತ್ತರ: ನೀವು ಬರೆದದ್ದೇ ಸರಿ, ಬದಲಾಯಿಸಬೇಡಿ. ರಮೇಶ್ ಹೆಸರನ್ನು ತೆಗೆದು ಓದಿ ನೋಡಿ. ‘ಸೆಂಡ್ ದ ಫೈಲ್ ಟು ಐ’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ‘ಟು ಮಿ’ ಅಂತಲೇ ಬರುತ್ತದೆ. ಪಕ್ಕದಲ್ಲಿ ಇನ್ನೊಂದು ಹೆಸರು ಸೇರಿದರೂ ಅದು ಹಾಗೇ ಇರುತ್ತದೆ. ಆದರೆ ‘ಮಿ ಅಂಡ್ ರಮೇಶ್ ವೆಂಟ್ ಟು ದ ಬ್ಯಾಂಕ್’ ಅಂತ ಬರೆದಿದ್ದರೆ ನಾನೂ ತಿದ್ದುತ್ತಿದ್ದೆ, ಯಾಕೆಂದರೆ ‘ಮಿ ವೆಂಟ್’ ಅನ್ನುವುದಿಲ್ಲ. ಸ್ಕೂಲಿನಲ್ಲಿ ಈ ತಪ್ಪಿಗೆ ಬೈಸಿಕೊಂಡು ಬೈಸಿಕೊಂಡು ಎಷ್ಟೋ ಜನರಿಗೆ ‘ಮಿ’ ಕಂಡರೇ ಭಯ, ಹಾಗಾಗಿ ಬೇಕಿಲ್ಲದ ಕಡೆಯೂ ‘ಐ’ ಹಾಕುತ್ತಾರೆ. ‘ಬಿಟ್ವೀನ್ ಯು ಅಂಡ್ ಐ’ ಕೂಡ ಇಂಥದ್ದೇ, ಇಂಗ್ಲಿಷ್ ಮನೆಮಾತಾಗಿರುವವರ ಬಾಯಲ್ಲೂ ಬರುತ್ತದೆ. ಟು, ಫಾರ್, ವಿತ್, ಬಿಟ್ವೀನ್ ಆದಮೇಲೆ ಮಿ, ಹಿಮ್, ಹರ್, ಅಸ್, ದೆಮ್ ಬರಬೇಕು. ಇನ್ನು ಮರ್ಯಾದೆ ಅಂದರೆ, ಇನ್ನೊಬ್ಬರ ಹೆಸರು ಮೊದಲು ಹೇಳಿ ನಿಮ್ಮದನ್ನು ಆಮೇಲೆ ಹೇಳುವುದು. ಅದನ್ನು ನೀವು ಮಾಡಿದ್ದೀರಿ.

ಪ್ರಶ್ನೆ: ಮೇಡಂ, ‘ನಾನು’ ಅಂದರೆ ಐ, ‘ನನಗೆ’ ಅಂದರೆ ಮಿ ಅಂತ ಮಗಳಿಗೆ ಹೇಳಿಕೊಟ್ಟರೆ ಸಾಕಾ?

ಉತ್ತರ: ಸಾಲದು. ‘ನನಗೆ ಕೊಡು’ ಅನ್ನುವಾಗ ‘ಗಿವ್ ಮಿ’, ಅಲ್ಲಿ ಹೊಂದುತ್ತದೆ. ಆದರೆ ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ಬೇಕು – ಇವೆಲ್ಲ ಐ ಆ್ಯಮ್ ಹಂಗ್ರಿ, ಐ ನೋ, ಐ ವಾಂಟ್ ಆಗುತ್ತವೆ. ‘ನನ್ನ ಜೊತೆ ಬಾ’ ಅನ್ನುವಲ್ಲಿ ‘ನನ್ನ’ ಇದ್ದರೂ ಇಂಗ್ಲಿಷ್‌ನಲ್ಲಿ ‘ವಿತ್ ಮಿ’. ಹಾಗಾಗಿ ಕನ್ನಡದ ವಿಭಕ್ತಿಯನ್ನು ನಂಬಿ ಹೋಗಬೇಡಿ. ಇಂಗ್ಲಿಷ್ ವಾಕ್ಯದಲ್ಲಿ ಆ ಪದ ಎಲ್ಲಿ ಕೂತಿದೆ ಅಂತ ನೋಡಲು ಕಲಿಸಿ. ಮಾಮೂಲಿ ವಾಕ್ಯದಲ್ಲಿ ಕ್ರಿಯಾಪದಕ್ಕಿಂತ ಮೊದಲು ಕರ್ತೃವಿನ ಜಾಗದಲ್ಲಿದ್ದರೆ ಐ, ಕ್ರಿಯಾಪದ ಆದಮೇಲೆ ಕರ್ಮವಾಗಿ ಬಂದರೆ ಮಿ. ‘ಶಿ ಕಾಲ್ಡ್ ಮಿ’, ‘ಐ ಕಾಲ್ಡ್ ಹರ್’ ಥರದ ಜೋಡಿಗಳನ್ನು ಜಾಸ್ತಿ ಹೇಳಿಸಿ.

ಪ್ರಶ್ನೆ: ಬಾಗಿಲ ಹೊರಗಿಂದ ‘ಇಟ್ಸ್ ಮಿ’ ಅನ್ನುವುದು ತಪ್ಪಂತೆ, ಹೌದಾ?

ಉತ್ತರ: ಧೈರ್ಯವಾಗಿ ಹೇಳಿ. ‘ಇಟ್ ಈಸ್ ಐ’ ಹಳೇ ವ್ಯಾಕರಣದ ಪಾಠ, ಈಗ ಹಾಗೆ ಮಾತಾಡುವವರು ತೀರಾ ಕಡಿಮೆ. ‘ಟಾಲರ್ ದ್ಯಾನ್ ಮಿ’ ಕೂಡ ಮಾತಿನಲ್ಲಿ ನಡೆಯುತ್ತದೆ. ಪರೀಕ್ಷೆಯಲ್ಲಿ ‘ದ್ಯಾನ್ ಐ ಆ್ಯಮ್’ ಅಂತ ಪೂರ್ತಿ ಬರೆದುಬಿಡಿ, ಯಾರೂ ಅಂಕ ಕಳೆಯುವುದಿಲ್ಲ.